ಅಮೆರಿಕಕ್ಕೆ ಕೀಬೋರ್ಡ್ ಒಯ್ಯುತ್ತಿದ್ದೇನೆ, ಅಲ್ಲಿನ ಕರೆಂಟು ಆಗಿಬರುತ್ತದಾ?

ಪ್ರಶ್ನೆ: ಸಾರ್, ನಾನು ಶಿವಮೊಗ್ಗದವನು. ಸುಗಮ ಸಂಗೀತದ ತಂಡವೊಂದರಲ್ಲಿ ಹದಿನೈದು ವರ್ಷದಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಈ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಅಮೆರಿಕದ ಮೂರು ಊರಿನ ಕನ್ನಡ ಕೂಟದವರು ನಮ್ಮನ್ನು ಕರೆದಿದ್ದಾರೆ. ವಾಪಸ್ ಬರುವಾಗ ಲಂಡನ್ನಿನಲ್ಲೂ ಒಂದು ಕಾರ್ಯಕ್ರಮ ಇದೆ. ನಮ್ಮ ಹತ್ತಿರ ಇರುವುದು ಇಷ್ಟು: ನನ್ನ ಹಳೆಯ ಕೀಬೋರ್ಡ್ (ಅದರ 12 ವೋಲ್ಟ್ ಅಡಾಪ್ಟರ್ ಇಟ್ಟಿಗೆಯಷ್ಟು ಭಾರ), ಒಂದು ರಿದಂ ಪ್ಯಾಡ್, ಗಿಟಾರಿನವನ ಐದು ಪೆಡಲ್, ಲ್ಯಾಪ್‌ಟಾಪ್, ಗಾಯಕಿಯ ಎಲೆಕ್ಟ್ರಾನಿಕ್ ತಂಬೂರಿ, ಮತ್ತೆ ಒಂದು ಚಿಕ್ಕ ಮಿಕ್ಸರ್. ಮಿಕ್ಸರ್ ಹಿಂದೆ ‘220-240ವಿ’ ಅಂತ ಮಾತ್ರ ಬರೆದಿದೆ. ಒಬ್ಬರು, ಅಲ್ಲಿ 60 ಸೈಕಲ್ ಕರೆಂಟು, ಶ್ರುತಿ ಏರಿಬಿಡುತ್ತದೆ ಅಂದರು. ಅಂಗಡಿಯವರು ಅಂಗೈಯಗಲದ 1500 ವ್ಯಾಟ್ ಕನ್ವರ್ಟರ್ ತೋರಿಸಿ, ಇದೊಂದಿದ್ದರೆ ಸಾಕು ಅಂದರು. ತಂಡದ ಹಿರಿಯರೊಬ್ಬರು, ಹಮ್ (ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು) ಬಂದರೆ ಅರ್ತ್ ಪಿನ್ ಮುರಿದುಹಾಕಿ ಅನ್ನುತ್ತಾರೆ. ಸಂಘಟಕರು ಫೋನಿನಲ್ಲಿ, ‘ಇಲ್ಲಿ ಯೂನಿವರ್ಸಲ್ ಅಡಾಪ್ಟರ್ ಇದೆ, ಚಿಂತೆ ಬೇಡ’ ಅಂದಿದ್ದಾರೆ. ಹೋದ ವರ್ಷ ದುಬೈನಲ್ಲಿ ಹಾಡಿನ ಮಧ್ಯೆ ಮೂರು ಸಲ ಪ್ಯಾಡ್ ಆಫ್ ಆಗಿ ಆನ್ ಆಯಿತು. ಆ ಅವಮಾನ ಇನ್ನೂ ಮರೆತಿಲ್ಲ. ಏನು ಒಯ್ಯಬೇಕು, ಏನು ಬಿಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ನಾಲ್ಕು ಜನ ನಿಮಗೆ ನಾಲ್ಕು ಸಲಹೆ ಕೊಟ್ಟಿದ್ದಾರೆ. ಒಂದು ಸುಮ್ನೆ ಹೆದರಿಕೆ, ಒಂದು ದುಡ್ಡು ದಂಡ, ಒಂದು ಅರ್ಧ ಸತ್ಯ. ಇನ್ನೊಂದು ಮಾತ್ರ ಜೀವಕ್ಕೇ ಕುತ್ತು. ಯಾವುದು ಯಾವುದು ಅಂತ ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ದುಬೈ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ಭಯವೆಲ್ಲ ಅಲ್ಲಿಂದಲೇ ಶುರುವಾದ ಹಾಗಿದೆ.

ದುಬೈನ ಕರೆಂಟಿಗೂ ನಮ್ಮ ಕರೆಂಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಲ್ಲೂ 230 ವೋಲ್ಟಿನ ಆಸುಪಾಸು, ಅಲ್ಲೂ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸೈಕಲ್. ಬೇರೆ ಇರುವುದು ಪ್ಲಗ್ಗಿನ ಆಕಾರ ಅಷ್ಟೇ. ಅಲ್ಲಿನದು ಬ್ರಿಟಿಷರ ಚಪ್ಪಟೆ ಮೂರು ಪಿನ್ನಿನ ಸಾಕೆಟ್ಟು. ಕೆಳಗಿನ ಎರಡು ತೂತಿಗೆ ಒಳಗೆ ಮುಚ್ಚಳ ಇರುತ್ತದೆ. ಮೇಲಿನ ಅರ್ತ್ ಪಿನ್ ಒಳಗೆ ಹೋದಾಗ ಆ ಮುಚ್ಚಳ ತೆರೆಯುತ್ತದೆ. ನಮ್ಮವರು ಮಾಡುವುದೇನು? ಅರ್ತ್ ತೂತಿಗೆ ಪೆನ್ನೋ ಬಾಚಣಿಗೆ ಹಿಡಿಯೋ ತೂರಿಸಿ ಮುಚ್ಚಳ ತೆಗೆಸುತ್ತಾರೆ. ಆಮೇಲೆ ನಮ್ಮ ದುಂಡು ಪಿನ್ ಒತ್ತಿ ಕೂರಿಸುತ್ತಾರೆ. ಇಲ್ಲಾಂದ್ರೆ ಏರ್‌ಪೋರ್ಟಿನಲ್ಲಿ ಕೊಂಡ ಯೂನಿವರ್ಸಲ್ ಅಡಾಪ್ಟರಿಗೆ ಭಾರದ ಅಡಾಪ್ಟರ್ ನೇತುಹಾಕುತ್ತಾರೆ. ಹೇಗೆ ಹಾಕಿದರೂ ಪಿನ್ನಿಗೆ ಗಟ್ಟಿ ಹಿಡಿತ ಸಿಗುವುದಿಲ್ಲ. ರಿದಂ ಪ್ಯಾಡ್ ಅಂದರೆ ಹೊಡೆಯುವ ಸಾಮಾನು. ಸ್ಟ್ಯಾಂಡ್ ನಡುಗುತ್ತದೆ, ವೈರು ಎಳೆಯುತ್ತದೆ, ಒಂದು ಕ್ಷಣ ಸಂಪರ್ಕ ತಪ್ಪುತ್ತದೆ. ಪ್ಯಾಡಿಗೆ ಅಷ್ಟು ಸಾಕು, ಮತ್ತೆ ಮೊದಲಿಂದ ಶುರುವಾಗುತ್ತದೆ. ನಾನು ಅಲ್ಲಿ ನಿಂತು ನೋಡಿಲ್ಲ. ಆದರೆ ಒಂದೇ ರಾತ್ರಿ ಮೂರು ಸಲ ಹೀಗಾಗಿ, ಊರಿಗೆ ಬಂದ ಮೇಲೆ ಪ್ಯಾಡ್ ಸರಿಯಾಗಿದ್ದರೆ ಹತ್ತಕ್ಕೆ ಒಂಬತ್ತು ಸಲ ಸಡಿಲ ಪಿನ್ನೇ ಕಾರಣ.

ಈಗ ಶ್ರುತಿಯ ವಿಷಯ. ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಳೆಯ ಹ್ಯಾಮಂಡ್ ಆರ್ಗನ್ ಇತ್ತಲ್ಲ, ಅದರೊಳಗೆ ಹಲ್ಲಿನ ಚಕ್ರಗಳು ತಿರುಗಿ ನಾದ ಹುಟ್ಟುತ್ತಿತ್ತು. ಆ ಚಕ್ರಗಳನ್ನು ತಿರುಗಿಸುವ ಮೋಟಾರು ಕರೆಂಟಿನ ಹರ್ಟ್ಸಿಗೆ ಕಟ್ಟುಬಿದ್ದದ್ದು. 50ಕ್ಕೆ ಮಾಡಿದ ಆರ್ಗನ್ನನ್ನು 60ಕ್ಕೆ ಹಾಕಿದರೆ ವೇಗ 6:5ರ ಪ್ರಮಾಣದಲ್ಲಿ ಹೆಚ್ಚುತ್ತದೆ. ನಮ್ಮ ಲೆಕ್ಕದಲ್ಲಿ ಅದು ಷಡ್ಜ ಒತ್ತಿದರೆ ಸಾಧಾರಣ ಗಾಂಧಾರ ಕೇಳಿಸಿದ ಹಾಗೆ. ಕೆಲವು ಹಳೆಯ ರೆಕಾರ್ಡ್ ಪ್ಲೇಯರ್, ಟೇಪ್ ಯಂತ್ರಗಳಿಗೂ ಈ ತೊಂದರೆ ಇತ್ತು. ನಿಮ್ಮ ಕೀಬೋರ್ಡಿನ ಕಥೆ ಬೇರೆ. ಗೋಡೆಯಿಂದ ಬಂದ ಕರೆಂಟು ಮೊದಲು ಡಿಸಿ ಆಗುತ್ತದೆ, ಅಂದರೆ ಬ್ಯಾಟರಿಯದರ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಶ್ರುತಿಯನ್ನೂ ತಾಳದ ವೇಗವನ್ನೂ ಹಿಡಿದಿಡುವುದು ಒಳಗಿರುವ ಒಂದು ಚಿಕ್ಕ ಕ್ರಿಸ್ಟಲ್. ಗೋಡೆಯಲ್ಲಿ 50 ಇದ್ದರೇನು, 60 ಇದ್ದರೇನು, ಅದಕ್ಕೆ ಗೊತ್ತೇ ಆಗುವುದಿಲ್ಲ.

ಜಪಾನನ್ನೇ ನೋಡಿ. ಒಂದೇ ದೇಶ, ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಂದು ಊರಿನವರು ಜರ್ಮನಿಯಿಂದ ಜನರೇಟರ್ ತರಿಸಿದರು, ಇನ್ನೊಂದು ಊರಿನವರು ಅಮೆರಿಕದಿಂದ ತರಿಸಿದರು. ಇವತ್ತಿಗೂ ಹಾಗೇ ಇದೆ. ಯಮಾಹಾ, ರೋಲ್ಯಾಂಡ್ ಕಂಪನಿಗಳ ಮುಖ್ಯ ಕಚೇರಿ ಇರುವ ಹಮಾಮಾತ್ಸು 60ರ ಕಡೆಗೆ ಸೇರಿದ್ದು. ನಿಮ್ಮ ಗೆಳೆಯರ ಮಾತು ನಿಜವಾಗಿದ್ದರೆ, ಹಮಾಮಾತ್ಸುವಿನಲ್ಲಿ ಶ್ರುತಿ ಸರಿ ಇದ್ದ ಕೀಬೋರ್ಡ್ ರೈಲು ಹತ್ತಿ ಟೋಕಿಯೊಗೆ ಹೋಗುವಷ್ಟರಲ್ಲಿ ಇಳಿದಿರಬೇಕಿತ್ತು ಅಲ್ವಾ?

ಹರ್ಟ್ಸ್ ಬದಲಾದದ್ದು ನಿಮ್ಮ ಕಿವಿಗೆ ಗೊತ್ತಾಗುವುದು ಒಂದೇ ಕಡೆ, ಹಮ್ಮಿನಲ್ಲಿ. ನಮ್ಮ 50ರ ಗುಂಯ್ ಸದ್ದು ಕೀಬೋರ್ಡಿನ ‘ಜಿ’ ಸ್ವರದ ಹತ್ತಿರ ಇರುತ್ತದೆ. ಅಲ್ಲಿನ 60ರ ಸದ್ದು ‘ಬಿ ಫ್ಲಾಟ್’ ಮತ್ತು ‘ಬಿ’ ಮಧ್ಯೆ ಎಲ್ಲೋ ಬೀಳುತ್ತದೆ, ಯಾವ ಶ್ರುತಿಗೂ ಸೇರುವುದಿಲ್ಲ. ಅದಕ್ಕೇ ಅಮೆರಿಕದ ಹಮ್ ನಮ್ಮ ಕಿವಿಗೆ ಜಾಸ್ತಿ ಕಿರಿಕಿರಿ ಮಾಡುತ್ತದೆ ಅಂತ ನನ್ನ ಅನಿಸಿಕೆ.

ನಿಜವಾದ ಪ್ರಶ್ನೆ ವೋಲ್ಟೇಜಿನದು. ನಮ್ಮಲ್ಲಿ 230, ಅಮೆರಿಕದಲ್ಲಿ 120. ಇದಕ್ಕೆ ಉತ್ತರ ನಿಮ್ಮ ಸಾಮಾನಿನ ಮೇಲೆಯೇ ಬರೆದಿದೆ. ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರ, ಅದೊಂದೇ ಕಷ್ಟ. ಇವತ್ತು ರಾತ್ರಿ ತಂಡದವರೆಲ್ಲ ಕೂತು ಎಲ್ಲ ಅಡಾಪ್ಟರುಗಳನ್ನು ಚಾಪೆ ಮೇಲೆ ಹರಡಿ. ಪ್ರತಿಯೊಂದರ ಮೇಲೂ ‘ಇನ್‌ಪುಟ್’ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ‘100-240ವಿ, 50/60 ಹರ್ಟ್ಸ್’ ಅಂತ ಇದ್ದರೆ ಒಂದು ಕಡೆ ಇಡಿ. ‘230ವಿ’ ಅಥವಾ ‘220-240ವಿ’ ಅಂತ ಮಾತ್ರ ಇದ್ದರೆ ಇನ್ನೊಂದು ಕಡೆ. ಅಕ್ಷರ ಅಳಿಸಿಹೋಗಿದ್ದರೆ, ಅದನ್ನೂ ಎರಡನೆಯ ಗುಂಪಿಗೇ ಸೇರಿಸಿ.

ಮೊದಲ ಗುಂಪಿನವು ಲೋಕ ಸುತ್ತಿ ಬರಬಲ್ಲವು. ಹಗುರವಾಗಿರುತ್ತವೆ, ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರಿನ ಜಾತಿ. ಒಳಬಂದ ಕರೆಂಟನ್ನು ತಾವೇ ತುಂಡು ತುಂಡು ಮಾಡಿ ಬೇಕಾದ ವೋಲ್ಟೇಜ್ ಕಟ್ಟಿಕೊಳ್ಳುತ್ತವೆ. ಅವಕ್ಕೆ ಟ್ರಾನ್ಸ್‌ಫಾರ್ಮರೂ ಬೇಡ, ಕನ್ವರ್ಟರೂ ಬೇಡ. ನಿಮ್ಮ ಲ್ಯಾಪ್‌ಟಾಪ್ ಖಂಡಿತ ಈ ಗುಂಪಿಗೆ ಬರುತ್ತದೆ. ಪೆಡಲ್ಲುಗಳ ಅಡಾಪ್ಟರ್ ಇತ್ತೀಚಿನದಾದರೆ ಅದೂ ಬರಬಹುದು.

ನಿಮ್ಮ ಕೀಬೋರ್ಡಿನ ಇಟ್ಟಿಗೆ ಬಹುಶಃ ಎರಡನೆಯ ಗುಂಪಿನದು. ಭಾರ ಯಾಕೆ ಅಂದರೆ ಒಳಗೆ ಕಬ್ಬಿಣದ ಪಟ್ಟಿಗೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇದೆ. ಅದರ ಲೆಕ್ಕ ಸೀದಾ. ಒಳಗೆ 230 ಕೊಟ್ಟರೆ ಹೊರಗೆ 12. ಒಳಗೆ 120 ಕೊಟ್ಟರೆ ಹೊರಗೆ 6ರ ಹತ್ತಿರ. ಅದರಿಂದ ಕೀಬೋರ್ಡ್ ಸುಡುವುದಿಲ್ಲ, ಆ ಭಯ ಬಿಡಿ. ಆನ್ ಆಗುವುದೇ ಇಲ್ಲ, ಅಷ್ಟೇ. ಕೆಲವು ಸಾಮಾನು ಇನ್ನೂ ಮೋಸ ಮಾಡುತ್ತವೆ. ದೀಪ ಹತ್ತುತ್ತದೆ, ಪರದೆ ಬೆಳಗುತ್ತದೆ, ವಾಲ್ಯೂಮ್ ಏರಿಸಿದ ತಕ್ಷಣ ಸತ್ತುಹೋಗುತ್ತದೆ. ನನ್ನ ಮೊದಲ ಅಮೆರಿಕ ಪ್ರವಾಸದಲ್ಲಿ ನನಗೇ ಹೀಗಾಗಿತ್ತು. ಸಂಜೆ ಸೌಂಡ್ ಚೆಕ್ಕಿನಲ್ಲಿ ದೀಪ ಹತ್ತಿದ್ದು ನೋಡಿ ‘ಆಯ್ತು’ ಅಂದುಕೊಂಡು ಕಾಫಿಗೆ ಹೋದೆ. ಪರದೆ ಮೇಲೆದ್ದಾಗ ಗಣಪತಿ ಸ್ತುತಿಯ ಮೊದಲ ಸಾಲಿಗೇ ಎಲ್ಲ ಕತ್ತಲು. ಕೊನೆಗೆ ಆ ಊರಿನ ಕನ್ನಡಿಗರೊಬ್ಬರು ಮನೆಗೆ ಓಡಿ ಮಗಳ ಕೀಬೋರ್ಡಿನ ಅಡಾಪ್ಟರ್ ತಂದುಕೊಟ್ಟರು.

ಅಪಾಯ ಇರುವುದು ಇದರ ಉಲ್ಟಾ ದಿಕ್ಕಿನಲ್ಲಿ. ಅಮೆರಿಕದಿಂದ ಬರುವ ನಮ್ಮವರು 120ಕ್ಕೆ ಮಾತ್ರ ಮಾಡಿದ ಆಂಪ್ಲಿಫೈಯರನ್ನೋ ಅಲ್ಲಿನ ಸ್ಪೈಕ್ ಬೋರ್ಡನ್ನೋ ಮೈಸೂರಿಗೆ ತಂದು 230ಕ್ಕೆ ಚುಚ್ಚುತ್ತಾರೆ. ಆಗ ಫ್ಯೂಸ್ ಹೋದರೆ ಪುಣ್ಯ. ಆ ಬೋರ್ಡಿನಲ್ಲಿ ಹೆಚ್ಚಿನ ವೋಲ್ಟೇಜ್ ತಡೆಯುವ ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ನಮ್ಮ ಮಾಮೂಲಿ ಕರೆಂಟೇ ಸಿಡಿಲಿನ ಹಾಗೆ ಕಾಣುತ್ತದೆ, ಹೊಗೆ ಬಿಟ್ಟು ಸಾಯುತ್ತದೆ. ಅಲ್ಲಿಂದ ಯಾರಾದರೂ ಪ್ರೀತಿಯಿಂದ ಬೋರ್ಡ್ ಉಡುಗೊರೆ ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ.

ಹಾಗಾದರೆ ಎರಡನೆಯ ಗುಂಪಿಗೆ ಏನು ದಾರಿ? ನನಗೆ ಸರಿ ಅನ್ನಿಸುವುದು, ಆ ಇಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು 100-240 ಅಂತ ಬರೆದ ಹೊಸ ಅಡಾಪ್ಟರ್ ಕೊಳ್ಳುವುದು. ಕೊಳ್ಳುವಾಗ ನಾಲ್ಕು ವಿಷಯ ನೋಡಬೇಕು. ‘ಔಟ್‌ಪುಟ್’ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಹನ್ನೆರಡಕ್ಕೆ ಹನ್ನೆರಡು. ಆಂಪಿಯರ್ ಹಳೆಯದರಷ್ಟು ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಜಾಸ್ತಿ ಇದ್ದರೆ ಹಾನಿ ಇಲ್ಲ, ಕೀಬೋರ್ಡ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪಿನ್ನಿನ ಗಾತ್ರ ಹೊಂದಬೇಕು. ನಾಲ್ಕನೆಯದರಲ್ಲೇ ಜನ ಬೀಳುವುದು: ಪ್ಲಸ್ ಎಲ್ಲಿ, ಮೈನಸ್ ಎಲ್ಲಿ. ಅಡಾಪ್ಟರಿನ ಮೇಲೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಉಂಗುರ ಇರುವ ಚಿತ್ರ ಇರುತ್ತದೆ. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅಂತ ಅದು ಹೇಳುತ್ತದೆ. ಗಿಟಾರ್ ಪೆಡಲ್ಲುಗಳಲ್ಲಿ ಸಾಮಾನ್ಯವಾಗಿ ನಡುಭಾಗ ಮೈನಸ್. ಕೀಬೋರ್ಡುಗಳಲ್ಲಿ ಬಹಳಷ್ಟಕ್ಕೆ ಪ್ಲಸ್, ಆದರೆ ಎಲ್ಲದಕ್ಕೂ ಅಲ್ಲ. ನನ್ನ ರಿಪೇರಿ ಮೇಜಿಗೆ ಬರುವ ಸತ್ತ ಪೆಡಲ್ಲುಗಳಲ್ಲಿ ಹೆಚ್ಚಿನವು ಗೆಳೆಯನ ಕೀಬೋರ್ಡ್ ಅಡಾಪ್ಟರ್ ಚುಚ್ಚಿ ಸತ್ತವು.

ಇನ್ನೊಂದು ಗುಂಡಿ ಇದೆ. ಕೆಲವು ಪೆಡಲ್, ಕೆಲವು ಚಿಕ್ಕ ಮಿಕ್ಸರಿನ ಅಡಾಪ್ಟರುಗಳ ಔಟ್‌ಪುಟ್ಟೇ ಎಸಿ, ಗೋಡೆಯ ಕರೆಂಟಿನ ಹಾಗೆ ದಿಕ್ಕು ಬದಲಿಸುತ್ತಿರುವಂಥದ್ದು. ಅವುಗಳ ಮೇಲೆ ‘9ವಿ ಎಸಿ’ ಅಂತಲೋ ‘18ವಿ ಎಸಿ’ ಅಂತಲೋ ಇರುತ್ತದೆ. ಅದರ ಜಾಗಕ್ಕೆ ಡಿಸಿ ಅಡಾಪ್ಟರ್ ಹಾಕಿದರೆ ನಡೆಯುವುದಿಲ್ಲ. ಅಂಥದ್ದಕ್ಕೆ ಅದೇ ಕಂಪನಿ ಅಮೆರಿಕಕ್ಕೆ ಅಂತ ಮಾಡಿದ ಅಡಾಪ್ಟರನ್ನೇ ಅಲ್ಲಿಯವರಿಂದ ಮೊದಲೇ ಕೊಳ್ಳಿಸಿ ಇಡಿಸಬೇಕು.

ಹೊಸ ಅಡಾಪ್ಟರ್ ಕೊಂಡ ದಿನವೇ ಸೂಟ್‌ಕೇಸಿಗೆ ಹಾಕಬೇಡಿ. ಒಂದು ತಿಂಗಳು ಇಲ್ಲೇ ಅದರಲ್ಲಿ ನುಡಿಸಿ. ಅಗ್ಗದವುಗಳಲ್ಲಿ ಕೆಲವು ಸ್ಪೀಕರಿನಲ್ಲಿ ಕೀಚು ಕೀಚು ಅಂತ ಸೊಳ್ಳೆಯ ಹಾಗೆ ಹಾಡುತ್ತವೆ. ಅದು ನಿಮಗೆ ಶಿವಮೊಗ್ಗದಲ್ಲಿ ಗೊತ್ತಾಗಬೇಕು, ನ್ಯೂಜೆರ್ಸಿಯಲ್ಲಿ ಅಲ್ಲ.

ಅಂಗಡಿಯವರ ಕನ್ವರ್ಟರಿಗೆ ಬರೋಣ. ಅಂಗೈಯಗಲದ 1500 ವ್ಯಾಟ್ ಡಬ್ಬಿಗಳು ಅಮೆರಿಕದವರು ನಮ್ಮ ಕಡೆ ಬಂದಾಗ ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ನಡೆಸಲಿ ಅಂತ ಮಾಡಿದವು. ಕರೆಂಟಿನ ಅಲೆಯನ್ನು ಅರ್ಧಂಬರ್ಧ ಕತ್ತರಿಸಿ ಕಡಿಮೆ ಮಾಡುತ್ತವೆ. ಕಾಯುವ ತಂತಿಗೆ ಅದು ಸಾಕು. ಎಲೆಕ್ಟ್ರಾನಿಕ್ ಸಾಮಾನಿಗೆ ಅಂಥ ಕತ್ತರಿಸಿದ ಕರೆಂಟು ವಿಷ. ಅದಕ್ಕಿಂತ ದೊಡ್ಡ ತಮಾಷೆ ಅಂದರೆ, ಕತ್ತರಿಸಿ 240ನ್ನು 120 ಮಾಡಬಹುದು, 120ನ್ನು 240 ಮಾಡಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಏರಿಸುವ ಸಾಮಾನು. ಅವರು ತೋರಿಸಿದ ಡಬ್ಬಿ ನಿಮ್ಮ ಕೆಲಸಕ್ಕೇ ಬರುವುದಿಲ್ಲ.

ನಿಜವಾಗಿ ಏರಿಸುವುದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಅದು ಕಬ್ಬಿಣದ ಪೆಟ್ಟಿಗೆ, ಎತ್ತಿದರೆ ಭುಜ ಜಗ್ಗುತ್ತದೆ. ತಂಬೂರಿ, ಮಿಕ್ಸರಿನಂಥ 230ರ ಸಾಮಾನನ್ನು ಒಯ್ಯಲೇಬೇಕು ಅಂದರೆ ಇದೊಂದೇ ದಾರಿ. ಸಾಮಾನಿನ ವ್ಯಾಟ್ ಎಷ್ಟೋ ಅದರ ಎರಡರಷ್ಟಾದರೂ ವಿಎ (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ, ಅದರ ಮೇಲೇ ಬರೆದಿರುತ್ತದೆ) ಇರುವುದು ಕೊಳ್ಳಿ. ಮೂರು ಪಿನ್ನಿನ ಅರ್ತ್ ಆ ಕಡೆಯಿಂದ ಈ ಕಡೆಗೆ ಹಾದುಹೋಗುತ್ತದೆಯೇ ಅಂತ ಮೀಟರಿನಲ್ಲಿ ಪರೀಕ್ಷಿಸಿ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಮೂರನೆಯ ತೂತು ಅಲಂಕಾರಕ್ಕೆ ಮಾತ್ರ, ಒಳಗೆ ವೈರೇ ಇರುವುದಿಲ್ಲ. ಏರಿಸುವ ಪೆಟ್ಟಿಗೆ ಹರ್ಟ್ಸನ್ನು ಬದಲಿಸುವುದಿಲ್ಲ. 50ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 60ರಲ್ಲಿ ಆರಾಮಾಗಿ ನಡೆಯುತ್ತದೆ, ಆದ್ದರಿಂದ ನಿಮಗೆ ತೊಂದರೆ ಇಲ್ಲ. 60ಕ್ಕೆ ಮಾತ್ರ ಮಾಡಿದ್ದು 50ರಲ್ಲಿ ಬಿಸಿಯಾಗುತ್ತದೆ. ಆ ತಲೆನೋವು ಅಲ್ಲಿಂದ ಇಲ್ಲಿಗೆ ಸಾಮಾನು ತರುವವರದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಟ್ರಾನ್ಸ್‌ಫಾರ್ಮರ್ ಒಯ್ಯುತ್ತಿರಲಿಲ್ಲ. ಮಿಕ್ಸರ್ ಇಲ್ಲೇ ಇರಲಿ, ಅಲ್ಲಿ ಸೌಂಡಿನವರು ತಮ್ಮ ಮಿಕ್ಸರ್ ತಂದೇ ತರುತ್ತಾರೆ. ತಂಬೂರಿ ಬ್ಯಾಟರಿಯಲ್ಲೂ ನಡೆಯುವಂಥದ್ದಾದರೆ ಹೊಸ ಸೆಲ್ ಹಾಕಿ. ಆಗದಿದ್ದರೆ ಆ ಮೂರು ಕಾರ್ಯಕ್ರಮಕ್ಕೆ ಮೊಬೈಲಿನ ತಂಬೂರಿ ಆ್ಯಪ್ ಸಾಕು. ಗಾಯಕಿಗೆ ತಮ್ಮ ಪೆಟ್ಟಿಗೆಯ ನಾದವೇ ಬೇಕು ಅನ್ನಿಸಬಹುದು, ಅದು ನ್ಯಾಯವೇ. ಹಾಗಿದ್ದರೆ ಆ ನಾದವನ್ನು ಅವರ ಶ್ರುತಿಯಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ.

ಕೆಲವು ಆಂಪ್ಲಿಫೈಯರುಗಳ ಹಿಂದೆ 115/230 ಅಂತ ಸರಿಸುವ ಸ್ವಿಚ್ ಇರುತ್ತದೆ. ಅಲ್ಲಿ ಹೋಗಿ 115ಕ್ಕೆ ಸರಿಸಿದರೆ ಕೆಲಸ ಆಗುತ್ತದೆ. ಆದರೆ ಅದೇ ವ್ಯಾಟಿಗೆ ಕರೆಂಟು ಎರಡರಷ್ಟು ಎಳೆಯುವುದರಿಂದ ಫ್ಯೂಸನ್ನೂ ಬದಲಿಸಬೇಕು, ಯಾವುದು ಅಂತ ಪಕ್ಕದಲ್ಲೇ ಬರೆದಿರುತ್ತದೆ. ಊರಿಗೆ ಬಂದು ಪ್ಲಗ್ ಚುಚ್ಚುವ ಮೊದಲು ಸ್ವಿಚ್ಚನ್ನು ಮತ್ತೆ 230ಕ್ಕೆ ತರಬೇಕು. ಮರೆತವರು ಆಮೇಲೆ ನನ್ನ ಅಂಗಡಿಗೆ ಬರುತ್ತಾರೆ. ಸ್ವಿಚ್ಚಿನ ಮೇಲೆ ಬಣ್ಣದ ಟೇಪ್ ಅಂಟಿಸಿ.

ಯೂನಿವರ್ಸಲ್ ಅಡಾಪ್ಟರ್ ವಿಷಯ ಬೇಗ ಮುಗಿಸುತ್ತೇನೆ. ಅದು ಆಕಾರ ಬದಲಿಸುತ್ತದೆ, ಕರೆಂಟನ್ನು ಬದಲಿಸುವುದಿಲ್ಲ. ಸಂಘಟಕರ ಮಾತು ಅರ್ಧ ಸತ್ಯ ಅಂದದ್ದು ಅದಕ್ಕೇ. ಬಹಳಷ್ಟಕ್ಕೆ ಅರ್ತ್ ಕೂಡ ಇರುವುದಿಲ್ಲ. ಮೊಬೈಲಿಗೆ ಸರಿ, ವೇದಿಕೆಗೆ ಬೇಡ. ಮೂರು ಪಿನ್ನಿನ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ ಹಿಂದಿನಿಂದ ಕಳಚುವ ವೈರು ಇರುತ್ತದೆ, ಕಂಪ್ಯೂಟರಿನದ್ದೇ. ಅಲ್ಲಿಯವರಿಗೆ ಹೇಳಿ ಅದೇ ವೈರನ್ನು ಅಮೆರಿಕದ ಪ್ಲಗ್ಗಿನದು ತರಿಸಿಕೊಳ್ಳಿ, ಲಂಡನ್ನಿಗೆ ಬ್ರಿಟಿಷ್ ಪ್ಲಗ್ಗಿನದು. ಅವರ ಮನೆಯ ಹಳೆ ಡಬ್ಬಿಯಲ್ಲೇ ನಾಲ್ಕು ಬಿದ್ದಿರುತ್ತವೆ. ಗೋಡೆಗೆ ಗಟ್ಟಿಯಾಗಿ ಕೂರುತ್ತವೆ, ದುಬೈ ಕಥೆ ಮರುಕಳಿಸುವುದಿಲ್ಲ. ಎರಡು ಪಿನ್ನಿನ ಅಡಾಪ್ಟರುಗಳಿಗೆ ಅಲ್ಲಿನದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಕೇಳಿ. ನಮ್ಮ ದುಂಡು ಪಿನ್ನನ್ನು ಅವರ ಚಪ್ಪಟೆ ತೂತಿಗೆ ಹೊಂದಿಸುವ ಚಿಕ್ಕ ತುಂಡುಗಳನ್ನು ಆ ಬೋರ್ಡಿಗೆ ಸಿಗಿಸಿ, ಮೇಲೆ ಟೇಪ್ ಸುತ್ತಿ, ಬೋರ್ಡನ್ನು ನೆಲದ ಮೇಲೆ ಮಲಗಿಸಿ. ನೇತಾಡಬಾರದು.

ಈಗ ಅರ್ತ್ ಪಿನ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಹಮ್ ಯಾಕೆ ಬರುತ್ತದೆ? ನಿಮ್ಮ ಆಂಪ್ಲಿಫೈಯರ್ ವೇದಿಕೆಯ ಒಂದು ಸಾಕೆಟ್ಟಿನಲ್ಲಿದೆ. ಸೌಂಡಿನವರ ಮಿಕ್ಸರ್ ಸಭಾಂಗಣದ ಹಿಂದೆ ಇನ್ನೊಂದು ಸಾಕೆಟ್ಟಿನಲ್ಲಿದೆ. ಎರಡಕ್ಕೂ ಅವುಗಳದೇ ಅರ್ತ್ ಇದೆ. ನೀವು ಆಡಿಯೊ ಕೇಬಲ್ ಎಳೆದ ಕೂಡಲೇ ಅದರ ಹೊರಪದರದ ಮೂಲಕವೂ ಎರಡು ಅರ್ತ್ ಸೇರುತ್ತವೆ. ಒಂದು ದೊಡ್ಡ ಬಳೆ ಆದ ಹಾಗೆ. ಆ ಬಳೆಯೊಳಗೆ ಸಣ್ಣ ಕರೆಂಟು ಸುತ್ತುತ್ತದೆ, ಅದೇ ಗುಂಯ್ ಅನ್ನುವುದು. ಬಳೆಯನ್ನು ಎಲ್ಲಾದರೂ ತುಂಡು ಮಾಡಿದರೆ ಸದ್ದು ನಿಲ್ಲುತ್ತದೆ. ನಿಮ್ಮ ಹಿರಿಯರು ಪಿನ್ ಮುರಿದಾಗ ಸದ್ದು ನಿಂತದ್ದು ನಿಜ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ತುಂಡು ಮಾಡಬಾರದ ಜಾಗದಲ್ಲಿ ತುಂಡು ಮಾಡಿದ್ದಾರೆ. ಒಳಗೆ ವೈರು ಸಡಿಲಾಗಿ ಲೋಹದ ಪೆಟ್ಟಿಗೆಗೆ ತಗುಲಿದರೆ ಕರೆಂಟನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸುವುದು ಆ ಪಿನ್ನು. ಅದಿಲ್ಲದಿದ್ದರೆ ಪೆಟ್ಟಿಗೆ, ಕೇಬಲ್, ಗಿಟಾರಿನ ತಂತಿ ಎಲ್ಲಕ್ಕೂ ಕರೆಂಟು ಏರಿ ಸುಮ್ಮನೆ ಕಾಯುತ್ತಿರುತ್ತದೆ. ಗಿಟಾರಿನವನ ಒಂದು ಕೈ ತಂತಿಯ ಮೇಲಿದೆ, ತುಟಿ ಅರ್ತ್ ಆದ ಮೈಕಿಗೆ ತಗುಲುತ್ತದೆ. ಕರೆಂಟು ಎದೆಯ ಮೂಲಕ ಹಾದುಹೋಗುತ್ತದೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸತ್ತದ್ದು ವೇದಿಕೆಯ ಮೇಲೇ, ಅರ್ತ್ ಸರಿ ಇಲ್ಲದ ಮೈಕ್ ಮುಟ್ಟಿ.

ಸರಿಯಾದ ದಾರಿ ಎರಡಿವೆ. ವೇದಿಕೆಯ ಮೇಲಿನ ನಿಮ್ಮ ಸಾಮಾನೆಲ್ಲ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಲಿ, ಸಾಧ್ಯವಾದರೆ ಮಿಕ್ಸರಿಗೂ ಅದೇ ಸಾಲಿನಿಂದ ಎಳೆಯಿರಿ. ಅರ್ಧ ಹಮ್ ಅಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಡಿಐ ಬಾಕ್ಸ್, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಕೇಬಲ್ಲಿನಲ್ಲಿ ಸೇರಿಸುವ ಚಿಕ್ಕ ಡಬ್ಬಿ. ಅದರ ಮೇಲೆ ‘ಗ್ರೌಂಡ್ ಲಿಫ್ಟ್’ ಅನ್ನುವ ಗುಂಡಿ ಇರುತ್ತದೆ. ಅದು ಬಳೆಯನ್ನು ಆಡಿಯೊ ಕೇಬಲ್ಲಿನಲ್ಲಿ ತುಂಡು ಮಾಡುತ್ತದೆ, ಕರೆಂಟಿನ ಅರ್ತನ್ನು ಮುಟ್ಟುವುದಿಲ್ಲ. ಕೀಬೋರ್ಡಿಗೆ ಎರಡು, ಪ್ಯಾಡಿಗೆ ಎರಡು, ಗಿಟಾರಿಗೆ ಒಂದು ಡಿಐ ಬೇಕು ಅಂತ ಈಗಲೇ ಬರೆದು ಕಳಿಸಿ. ಅಮೆರಿಕದಲ್ಲಿ ಮೂರು ಪಿನ್ನನ್ನು ಎರಡು ಮಾಡುವ ಒಂದು ಚಿಕ್ಕ ತುಂಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಮ್ ಬಂದಾಗ ಯಾರೋ ಒಬ್ಬರು ಜೇಬಿನಿಂದ ಅದನ್ನು ತೆಗೆಯುತ್ತಾರೆ. ಬೇಡ ಅನ್ನಿ.

ಅಲ್ಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ದೀಪದ ಸಾಕೆಟ್ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ. ಚುಚ್ಚಿದರೆ ಅರ್ತ್ ಇದೆಯೋ ಇಲ್ಲವೋ, ವೈರು ಅದಲುಬದಲಾಗಿದೆಯೋ ಅಂತ ದೀಪಗಳು ತೋರಿಸುತ್ತವೆ. ಮೊದಲ ಊರಿನಲ್ಲೇ ಒಂದು ಕೊಳ್ಳಿ. ಪ್ರತಿ ವೇದಿಕೆಯಲ್ಲೂ ಮೊದಲ ಕೆಲಸ ಅದೇ ಆಗಲಿ.

ಕೈಗೆ ಜುಂ ಅನ್ನುವುದೆಲ್ಲ ಅಪಾಯ ಅಂತ ಅಲ್ಲ. ಎರಡು ಪಿನ್ನಿನ ಲ್ಯಾಪ್‌ಟಾಪ್ ಅಡಾಪ್ಟರುಗಳಲ್ಲಿ ಸದ್ದು ಸೋಸಲು ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರಾ ಸ್ವಲ್ಪ ಕರೆಂಟು ಸೋರುತ್ತದೆ. ಬರಿಗಾಲಲ್ಲಿ ಕೂತು ಲೋಹದ ಮೈ ಸವರಿದರೆ ಇರುವೆ ಹರಿದ ಹಾಗೆ ಆಗುತ್ತದೆ. ಮಿಕ್ಸರಿಗೆ ಕೇಬಲ್ ಸೇರಿಸಿದ ಮೇಲೆ ಅದು ನಿಲ್ಲುತ್ತದೆ. ಕೇಬಲ್ ಹಾಕಿದ ಮೇಲೂ ಮೈಕು ಕಚ್ಚಿದರೆ ಮಾತ್ರ ಎಲ್ಲ ನಿಲ್ಲಿಸಿ. ಕಾರ್ಯಕ್ರಮ ತಡವಾದರೂ ಪರವಾಗಿಲ್ಲ.

ಈಗ ಯಾರೂ ನಿಮಗೆ ಹೇಳದ ಒಂದು ವಿಷಯ, ಬಿಸಿಬೇಳೆಬಾತು. ಕನ್ನಡ ಕೂಟದ ಕಾರ್ಯಕ್ರಮ ಅಂದರೆ ಶಾಲೆಯ ಸಭಾಂಗಣ, ಪಕ್ಕದಲ್ಲೇ ಊಟ. ಅಮೆರಿಕದ ಮಾಮೂಲಿ ಸಾಲು (ಒಂದೇ ಬ್ರೇಕರಿಗೆ ಸೇರಿದ ಸಾಕೆಟ್ಟುಗಳ ಗುಂಪು) 15 ಆಂಪಿಯರಿನದು. 120ರಿಂದ ಗುಣಿಸಿದರೆ 1800 ವ್ಯಾಟ್, ಗಂಟೆಗಟ್ಟಲೆ ನಡೆಸುವುದಕ್ಕೆ 1440 ದಾಟಬಾರದು. ನಿಮ್ಮ ಇಡೀ ತಂಡದ ಸಾಮಾನು ಸೇರಿದರೂ 300 ವ್ಯಾಟ್ ಮೀರುವುದಿಲ್ಲ. ಆದರೆ ಅದೇ ಸಾಲಿನ ಇನ್ನೊಂದು ಸಾಕೆಟ್ಟು ಗೋಡೆಯ ಆಚೆ ಇರುತ್ತದೆ. ಅಲ್ಲಿ ಯಾರೋ ಪುಣ್ಯಾತ್ಮರು 1500 ವ್ಯಾಟಿನ ಕಾಫಿ ಪಾತ್ರೆಯನ್ನೋ ಊಟ ಬಿಸಿಮಾಡುವ ಯಂತ್ರವನ್ನೋ ಹಾಕಿರುತ್ತಾರೆ. ಮೊದಲು ಹಾಕಿದಾಗ ಏನೂ ಆಗುವುದಿಲ್ಲ. ಹತ್ತು ಹದಿನೈದು ನಿಮಿಷದ ನಂತರ, ಸರಿಯಾಗಿ ಅನುಪಲ್ಲವಿಗೆ, ಬ್ರೇಕರ್ ಬೀಳುತ್ತದೆ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ನೋಡಿದ್ದೇನೆ. ವೇದಿಕೆಗೆ ಬೇರೆ ಸಾಲು, ಅಡುಗೆಗೆ ಬೇರೆ ಸಾಲು ಅಂತ ಮೊದಲೇ ಕೇಳಿ, ಬ್ರೇಕರ್ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿ.

ಅಡುಗೆಮನೆ ಹತ್ತಿರದ, ಹೊರಾಂಗಣದ ಸಾಕೆಟ್ಟುಗಳಲ್ಲಿ ಇನ್ನೊಂದು ಗುಣ ಇದೆ. ಚಿಕ್ಕ ‘ಟೆಸ್ಟ್’, ‘ರೀಸೆಟ್’ ಗುಂಡಿ ಇರುತ್ತವೆ. ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ಕಟ್ ಆಗುತ್ತವೆ. ನಮ್ಮ ಮನೆಗಳಲ್ಲಿ ಇದೇ ಕೆಲಸ ಮಾಡುವ ಆರ್‌ಸಿಸಿಬಿ ಸಾಮಾನ್ಯವಾಗಿ 30ಕ್ಕೆ ಕಟ್ ಆಗುವುದು. ಅಡಾಪ್ಟರ್ ಹತ್ತಾರು ಒಂದೇ ಕಡೆ ಸೇರಿದರೆ ಎಲ್ಲದರ ಸಣ್ಣ ಸೋರಿಕೆ ಕೂಡಿ ಅದು ಬೀಳಬಹುದು. ಗುಂಡಿ ಒತ್ತಿದ ಮೇಲೂ ಮತ್ತೆ ಬಿದ್ದರೆ ಒಂದೊಂದೇ ಸಾಮಾನು ತೆಗೆದು ಕಳ್ಳನನ್ನು ಹುಡುಕಿ. ಬೇರೆ ಸಾಕೆಟ್ಟಿಗೆ ಓಡಬೇಡಿ.

ಅಲ್ಲಿನ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ 240 ವೋಲ್ಟಿನ ದೊಡ್ಡ ಸಾಕೆಟ್ಟು ಇರುತ್ತದೆ, ಅದಕ್ಕೆ ನಮ್ಮ ಸಾಮಾನು ಹಾಕಬಹುದಲ್ಲ ಅಂತ ಜಾಣರು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿ 120ರ ಎರಡು ಫೇಸ್ ಸೇರಿ 240 ಆಗಿರುತ್ತದೆ, ನಮ್ಮ ಹಾಗೆ ಒಂದು ಫೇಸ್ ಒಂದು ನ್ಯೂಟ್ರಲ್ ಅಲ್ಲ. ಹಿಂದಿರುವ ಬ್ರೇಕರೂ 30 ಆಂಪಿಯರಿನದು, ನಿಮ್ಮ ಸಣ್ಣ ವೈರಿಗೆ ಅದರಿಂದ ರಕ್ಷಣೆ ಇಲ್ಲ. ಮನೆಯಲ್ಲಿ ಅಭ್ಯಾಸಕ್ಕೂ ಬೇಡ.

ಲಂಡನ್ ಸುಲಭ. 230 ವೋಲ್ಟ್, 50 ಹರ್ಟ್ಸ್, ನಮ್ಮದೇ. ನಿಮ್ಮ ಹಳೆಯ ಇಟ್ಟಿಗೆಯೂ ಅಲ್ಲಿ ನಡೆಯುತ್ತಿತ್ತು. ಅವರ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, ಕೀಬೋರ್ಡಿನಂಥ ಸಾಮಾನಿಗೆ 3 ಆಂಪಿಯರಿನದು ಸಾಕು. ಒಂದೇ ಒಂದು ಬಲೆ ಇದೆ, ಅದರಲ್ಲಿ ಬೀಳುವುದು ನಮ್ಮ ದೇಶದವರೇ. ಬ್ರಿಟನ್ನಿನ ಹಳೆಯ ನಾಟಕಮಂದಿರಗಳ ವೇದಿಕೆಯಲ್ಲಿ ದಪ್ಪ ದುಂಡು ಮೂರು ಪಿನ್ನಿನ ಸಾಕೆಟ್ಟು ಕಾಣಿಸುತ್ತದೆ, ಥೇಟ್ ನಮ್ಮ ಗೀಸರಿನದು. ‘ಅಯ್ಯೋ, ನಮ್ಮೂರಿನದೇ’ ಅಂತ ಖುಷಿಯಾಗುತ್ತದೆ. ಆದರೆ ಅಲ್ಲಿ ಆ ಸಾಕೆಟ್ಟುಗಳನ್ನು ಉಳಿಸಿಕೊಂಡಿರುವುದು ವೇದಿಕೆಯ ಲೈಟುಗಳಿಗೆ. ಹಿಂದೆ ಡಿಮ್ಮರ್ ಇರುತ್ತದೆ. ಲೈಟಿನವರು ಬೆಳಕು ಏರಿಸಿ ಇಳಿಸಿದ ಹಾಗೆಲ್ಲ ನಿಮ್ಮ ಕೀಬೋರ್ಡಿಗೆ ಕತ್ತರಿಸಿದ ಕರೆಂಟು ಹೋಗುತ್ತದೆ. ಮುಟ್ಟಬೇಡಿ.

ಬ್ಯಾಟರಿಗಳಿಗೆ ಒಂದು ಮಾತು. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಎಲ್ಲ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಅನುಮತಿ ಕೇಳಬೇಕಿಲ್ಲ, 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. 20,000 ಎಂಎಎಚ್ ಅಂದರೆ ಒಳಗಿನ ಸೆಲ್ಲಿನ ವೋಲ್ಟೇಜ್ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 74 ವ್ಯಾಟ್-ಅವರ್. ವಿಮಾನದೊಳಗೆ ಬಳಸುವ ನಿಯಮ ಕಂಪನಿಗೊಂದು ಥರ ಇರುತ್ತದೆ, ಟಿಕೆಟ್ಟಿನ ಜೊತೆ ಬಂದದ್ದನ್ನು ಓದಿಕೊಳ್ಳಿ. ನಿಮ್ಮ ವೈರ್‌ಲೆಸ್ ಮೈಕು ಇದ್ದರೆ ಅದನ್ನೂ ಬಿಟ್ಟು ಹೋಗಿ. 2020ರ ಜುಲೈಯಿಂದ ಅಮೆರಿಕದಲ್ಲಿ 600 ಮೆಗಾಹರ್ಟ್ಸಿನ ಹೆಚ್ಚಿನ ಭಾಗವನ್ನು ಮೈಕುಗಳಿಗೆ ಮುಚ್ಚಿದ್ದಾರೆ. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಕೊನೆಗೆ ಒಂದು ಕೆಲಸ. ಅಮೆರಿಕದ ಕರೆಂಟಿನಲ್ಲಿ ನಡೆಯುತ್ತದೋ ಇಲ್ಲವೋ ಅಂತ ಇಲ್ಲೇ ನೋಡಬಹುದು. ಹಳೆಯ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವವರ ಹತ್ತಿರ ವೇರಿಯಾಕ್ ಅನ್ನುವ ಯಂತ್ರ ಇರುತ್ತದೆ. ತಿರುಗಣೆ ತಿರುಗಿಸಿದರೆ ಸೊನ್ನೆಯಿಂದ ಮೇಲಕ್ಕೆ ಬೇಕಾದ ವೋಲ್ಟೇಜ್ ಕೊಡುತ್ತದೆ. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ನಿಮ್ಮೂರಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಮುಳ್ಳನ್ನು 110ಕ್ಕೆ ನಿಲ್ಲಿಸಿ, ಮೊದಲ ಗುಂಪಿನ ಸಾಮಾನೆಲ್ಲ ಸೇರಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಒಂದು ಗಂಟೆ ನುಡಿಸಿ. ಪ್ಯಾಡಿನವನಿಗೆ ಜೋರಾಗಿ ಹೊಡೆಯಲು ಹೇಳಿ. ಮಿಕ್ಸರ್ ಹಿಂಭಾಗದ ಒಂದು ಫೋಟೊ ನನಗೆ ಕಳಿಸಿ. ಫ್ಯೂಸಿನ ಪಕ್ಕ ಪ್ಲಾಸ್ಟಿಕ್ ಮುಚ್ಚಳದಡಿ 115/230ರ ಸ್ವಿಚ್ ಇರುವ ಮಾಡೆಲ್ಲುಗಳೂ ಇವೆ, ಇದ್ದರೆ ಅದನ್ನೂ ಒಯ್ಯಬಹುದು.